ಕಚ್ಛಪಿ ಹುಡುಕ್ಕೊಂಡು ಗ್ರೀಸಿಗೆ

ನಮ್ಮಜ್ಜಿ ಶುಕ್ರವಾರ ಸಂಜೆ ಲಲಿತಾ ಸಹಸ್ರನಾಮ ಹೇಳೋವಾಗ "ನಿಜಸಲ್ಲಾಪಮಾಧುರ್ಯವಿನಿರ್ಭರ್ತ್ಸಿತಕಚ್ಛಪೀ" ಅನ್ನೋ ನಾಮದ ಹತ್ರ ಬಂದ್ರೆ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ಅಜ್ಜಿ ಜೊತೆ ಒಂದೇ ದಮ್ಮಿಗೆ ಹೇಳೋಕೆ ನೋಡ್ತಿದ್ವಿ. ಕಚ್ಛಪಿ ಅಂದ್ರೇನಜ್ಜಿ ಅಂತ ಕೇಳಿದ್ದಕ್ಕೆ, ಸರಸ್ವತಿ ಕೈಲಿರೋ ವೀಣೆ ಹೆಸರು ಕಣೆ, ನಾರದರದ್ದು ಮಹತಿ, ತುಂಬುರನದ್ದು ಕಲಾವತಿ, ಸರಸ್ವತಿದು ಕಚ್ಛಪಿ, ದೇವಿ ಬಾಯಿಬಿಟ್ಟು ಮಾತಾಡಿದ್ರೆ ಆ ವೀಣೆನೂ ನಾಚ್ಕೋಬೇಕು ಅಂದಿದ್ರು. ಕಚ್ಛಪ ಅಂದ್ರೆ ಆಮೆ ಅಂತ ಗೊತ್ತಾಗಿದ್ದು ಹೈಸ್ಕೂಲ್ ಸಂಸ್ಕೃತ ಕ್ಲಾಸಲ್ಲಿ. ಆಮೆಗೂ ವೀಣೆಗೂ ಎಲ್ಲಿಂದೆಲ್ಲಿಗೆ ಸಂಬಂಧ ಅನ್ನೋ ಪ್ರಶ್ನೆ ಆವತ್ತಿಂದ ತಲೇಲಿ ಕೂತಿತ್ತು.

ಎಷ್ಟೋ ವರ್ಷ ಆದ್ಮೇಲೆ ಗ್ರೀಕರ ದೇವರು ಹರ್ಮಿಸ್ ಕಥೆ ಓದಿದೆ. ಬೆಳಗಿನ ಜಾವ ಹುಟ್ಟಿದ ಕೂಸು, ಮಧ್ಯಾಹ್ನದ ಹೊತ್ತಿಗೆ ತೊಟ್ಟಿಲು ಬಿಟ್ಟು ಹೊರಗೆ ಬರುತ್ತೆ, ಗುಹೆ ಬಾಗಿಲಲ್ಲೇ ಹುಲ್ಲು ಮೇಯ್ತಿರೋ ಆಮೆ ಸಿಗುತ್ತೆ. ಅದನ್ನ ನೋಡಿ ನಗ್ತಾ ಹೇಳುತ್ತೆ, ಬದುಕಿರೋವರೆಗೂ ನೀನು ಮಾಟಮಂತ್ರಕ್ಕೆ ತಡೆ, ಸತ್ತಮೇಲೆ ತುಂಬಾ ಚೆನ್ನಾಗಿ ಹಾಡ್ತೀಯ ಅಂತ. ಒಳಗೆ ಕೊರೆದು ಖಾಲಿ ಮಾಡಿ, ಜೊಂಡಿನ ತುಂಡು ಸಿಗಿಸಿ, ಮೇಲೆ ಹಸುವಿನ ಚರ್ಮ ಎಳೆದು, ಎರಡು ತೋಳು, ಒಂದು ಅಡ್ಡಪಟ್ಟಿ, ಕುರಿ ಕರುಳಿನ ಏಳು ತಂತಿ. ಅದೇ ಲೈರ್. ಅವತ್ತೇ ರಾತ್ರಿ ಅಣ್ಣ ಅಪೋಲೋನ ಐವತ್ತು ದನ ಕದ್ದು, ಸಿಕ್ಕಿಬಿದ್ದು, ಕೊನೆಗೆ ಅಣ್ಣನ ಸಿಟ್ಟು ಇಳಿಸೋಕೆ ಇದನ್ನ ನುಡಿಸಿ ಅವನಿಗೇ ಕೊಟ್ಟುಬಿಡುತ್ತೆ ಆ ಮಗು. ಗ್ರೀಕ್ ಕವಿಗಳು ಲೈರಿಗೆ ಖೆಲಿಸ್ ಅಂತಾನೂ ಕರೀತಿದ್ರು, ಹಾಗಂದ್ರೆ ಆಮೆ ಅಂತಾನೇ ಅರ್ಥ. ಇದನ್ನ ಓದಿದ ದಿನ ಅಜ್ಜಿ ಇದ್ದಿದ್ರೆ ಫೋನ್ ಮಾಡಿ ಹೇಳ್ತಿದ್ದೆ. ಅಲ್ಲಿಂದ ಇಲ್ಲಿಗೆ ಬಂತು ಇಲ್ಲಿಂದ ಅಲ್ಲಿಗೆ ಹೋಯ್ತು ಅಂತ ನಾನು ಹೇಳ್ತಿಲ್ಲ, ಎರಡು ಕಡೆ ಜನಕ್ಕೂ ಆಮೆಯೊಳಗೆ ಒಂದು ದನಿ ಇದೆ ಅನ್ನಿಸಿತ್ತಲ್ಲ, ಅದೇ ನನಗೆ ದೊಡ್ಡದು.

ತಂಗಿ ಜರ್ಮನಿಲಿ ಕೆಲಸದಲ್ಲಿದ್ದಾಳೆ, ಸೆಪ್ಟೆಂಬರ್ ಕೊನೇ ವಾರ ರಜೆ ಹಾಕ್ತೀನಿ, ಗ್ರೀಸಿಗೆ ಹೋಗೋಣ ಬಾ ಅಂದ್ಳು. ವೀಸಾ ಟಿಕೆಟ್ ಎಲ್ಲ ಹೇಗೋ ಆಯ್ತು, ಅದರ ಬಗ್ಗೆ ಬರೆಯೋಕೇನಿಲ್ಲ.

ದಿನ 1, ಅಥೆನ್ಸ್

ಬೆಳಿಗ್ಗೆ ಒಂಬತ್ತಕ್ಕೇ ನ್ಯಾಷನಲ್ ಆರ್ಕಿಯಾಲಾಜಿಕಲ್ ಮ್ಯೂಸಿಯಂ ಮುಂದೆ ಹೋಗಿ ನಿಂತ್ವಿ, ಗೇಟು ಹಾಕಿತ್ತು. ಮಂಗಳವಾರ ಮಧ್ಯಾಹ್ನ 1 ಗಂಟೆಗೆ ತೆಗೆಯೋದಂತೆ, ನಾವು ನೋಡ್ಕೊಂಡಿರ್ಲಿಲ್ಲ. ನೀವು ಹೋದ್ರೆ ಬೇರೆ ದಿನ ಹೋಗಿ, ಇಲ್ಲಾಂದ್ರೆ ಮಂಗಳವಾರ ಬೆಳಿಗ್ಗೆ ಬೇರೆ ಏನಾದ್ರೂ ಇಟ್ಕೊಳ್ಳಿ. ಪಕ್ಕದ ರಸ್ತೇಲಿ ಎಳ್ಳು ಮೆತ್ತಿದ ಬಳೆ ಥರದ ಬ್ರೆಡ್ಡು, ಕುಲೂರಿ ಅಂತ, ತಗೊಂಡು ಒಂದು ಕಾಫಿ ಅಂಗಡೀಲಿ ಕೂತ್ವಿ. ನಾವು ಮಾಂಸ ಮೊಟ್ಟೆ ತಿನ್ನಲ್ಲ ಅಂದಿದ್ದಕ್ಕೆ ಅಂಗಡಿ ಅಮ್ಮ ಒಂದು ಮಂತ್ರ ಹೇಳ್ಕೊಟ್ರು, "ನಿಸ್ತೀಸಿಮೋ" ಅಂತ ಕೇಳಿ, ಚರ್ಚಿನ ಉಪವಾಸದ ದಿನದ ಅಡುಗೆ, ಮಾಂಸ ಹಾಲು ಮೊಟ್ಟೆ ಏನೂ ಇರಲ್ಲ ಅಂತ. ಏಳು ದಿನಾನೂ ಈ ಮಾತು ನಮ್ಮ ಹೊಟ್ಟೆ ಕಾಪಾಡ್ತು, ಒಂದೇ ಎಚ್ಚರ ಏನಂದ್ರೆ ಆಕ್ಟೋಪಸ್, ಸೀಗಡಿ ಅವರ ಉಪವಾಸಕ್ಕೆ ನಡೆಯುತ್ತೆ, ಹಾಗಾಗಿ ಅದನ್ನ ಬೇರೆ ಕೇಳಿ ಖಾತ್ರಿ ಮಾಡ್ಕೋಬೇಕು.

ಒಂದು ಗಂಟೆಗೆ ಒಳಗೆ ಬಿಟ್ರು. ಮೊದಲು ಕಂಡಿದ್ದು ಕೇರೋಸ್ ದ್ವೀಪದಲ್ಲಿ 1884ರಲ್ಲಿ ಸಿಕ್ಕಿದ ಹಾರ್ಪ್ ನುಡಿಸೋನ ಗೊಂಬೆ. ಬಿಳೀ ಅಮೃತಶಿಲೆ, ಒಂದು ಗೇಣಿಗಿಂತ ಸ್ವಲ್ಪ ಮಾತ್ರ ಎತ್ತರ, ವಯಸ್ಸು ನಾಲ್ಕೂವರೆ ಸಾವಿರ ವರ್ಷದ ಆಸುಪಾಸು. ಕುರ್ಚೀಲಿ ಕೂತು ತಲೆ ಹಿಂದಕ್ಕೆ ಎಸೆದಿದ್ದಾನೆ, ಮುಖದಲ್ಲಿ ಮೂಗು ಬಿಟ್ರೆ ಏನೂ ಇಲ್ಲ, ಆದ್ರೂ ಮೈಮರೆತಿದ್ದಾನೆ ಅಂತ ಗೊತ್ತಾಗುತ್ತೆ. ಇದು ಲೈರಲ್ಲ, ಹಾರ್ಪು. ಲೈರ್ ಅಂದ್ರೆ ಕೆಳಗೆ ಒಂದು ಬುರುಡೆ, ಅದರಿಂದ ಎದ್ದ ಎರಡು ಕೊಂಬು, ಕೊಂಬಿನ ಮೇಲೆ ನೊಗದ ಥರ ಒಂದು ಅಡ್ಡಪಟ್ಟಿ, ತಂತಿ ಅಲ್ಲಿಂದ ಬುರುಡೆ ಮೇಲೆ ಅದನ್ನ ಎತ್ತಿ ಹಿಡಿಯೋ ಕುದುರೆ ಅನ್ನೋ ತುಂಡಿನವರೆಗೆ. ಹಾರ್ಪಲ್ಲಿ ಆ ನೊಗ ಇರಲ್ಲ, ತಂತಿಗಳೂ ಒಂದಕ್ಕಿಂತ ಒಂದು ಚಿಕ್ಕದಾಗ್ತಾ ಹೋಗುತ್ತೆ. ನಮ್ಮ ಸಮುದ್ರಗುಪ್ತನ ನಾಣ್ಯದ ಮೇಲಿನ ವೀಣೆನೂ ಬಿಲ್ಲಿನ ಥರದ ಹಾರ್ಪೇ, ಆದ್ರೆ ಇಂಗ್ಲಿಷ್ ಪುಸ್ತಕಗಳಲ್ಲಿ ಆ ನಾಣ್ಯಕ್ಕೆ ಲೈರ್ ನುಡಿಸುವವನ ನಾಣ್ಯ ಅಂತ ಹೆಸರು ಬಿದ್ದುಬಿಟ್ಟಿದೆ.

ಅರ್ಧ ಗಂಟೆ ನಿಂತಿದ್ದು ಮಾಂಟಿನಿಯಾದ ಕಲ್ಲಿನ ಮುಂದೆ. ಕ್ರಿ.ಪೂ. 330-320ರ ಕೆತ್ತನೆ, ಶಿಲ್ಪಿ ಪ್ರಾಕ್ಸಿಟಲೀಸ್ ಕಡೆಯವರ ಕೆಲಸ ಅಂತಾರೆ. ಒಂದು ಕಡೆ ಅಪೋಲೋ ಕಿಥಾರಾ ಹಿಡ್ಕೊಂಡು ಆರಾಮಾಗಿ ಕೂತಿದ್ದಾನೆ, ಇನ್ನೊಂದು ಕಡೆ ಅವನ ಜೊತೆ ಸಂಗೀತದ ಪಂದ್ಯಕ್ಕಿಳಿದ ಮಾರ್ಸಿಯಾಸ್ ಜೋಡಿ ಕೊಳಲು ಊದ್ತಾ ಮೈಯೆಲ್ಲ ಬಿಗಿ ಮಾಡ್ಕೊಂಡಿದ್ದಾನೆ, ಮಧ್ಯ ಒಬ್ಬ ಆಳು ಚಾಕು ಹಿಡಿದು ಸುಮ್ಮನೆ ನಿಂತಿದ್ದಾನೆ. ಪಂದ್ಯ ಸೋತ್ರೆ ಚರ್ಮ ಸುಲಿಯೋದು. ಪಂದ್ಯ ಇನ್ನೂ ನಡೀತಿದೆ, ಚಾಕು ಆಗ್ಲೇ ಹೊರಗಿದೆ. ಕಚೇರೀಲಿ ಹಾಡಿದವರಿಗೆ ಆ ಭಯ ಗೊತ್ತಿರುತ್ತೆ, ನನಗೆ ಮಾರ್ಸಿಯಾಸ್ ಮುಖ ನೋಡೋಕಾಗ್ಲಿಲ್ಲ. ಕಿಥಾರಾ ಮರದ ಪೆಟ್ಟಿಗೆದು, ಭಾರ, ವೃತ್ತಿಯವರು ಸ್ಪರ್ಧೆಗೆ ಹಿಡಿಯೋದು. ಆಮೆಚಿಪ್ಪಿನದು ಮನೆಮಕ್ಕಳು ಪಾಠ ಕಲಿಯೋದು. ಕೊಂಬು ಉದ್ದ ಇದ್ರೆ ಅದು ಬಾರ್ಬಿಟೋಸ್, ರಾತ್ರಿ ಊಟ ಪಾನಗೋಷ್ಠಿಲಿ ಕವಿಗಳು ಹಾಡ್ಕೊಳ್ಳೋದು. ಆ ಸಂಜೆವರೆಗೂ ಮಡಿಕೆಗಳ ರೂಮಲ್ಲಿ ಇದು ಯಾವುದು ಅದು ಯಾವುದು ಅಂತ ಗುರುತಿಸ್ತಾ ಹೋದ್ವಿ, ತಂಗಿ ನನಗಿಂತ ಬೇಗ ಹೇಳೋಕೆ ಶುರು ಮಾಡಿದ್ಲು. ನಾವು ಭಾವಗೀತೆ ಅನ್ನೋದಕ್ಕೆ ಇಂಗ್ಲಿಷಲ್ಲಿ ಲಿರಿಕ್ ಅಂತೀವಲ್ಲ, ಲೈರ್ ಜೊತೆ ಹಾಡೋದು ಅಂತ ಬಂದ ಮಾತು ಅದು.

ದಿನ 2, ಬೈಜಾಂಟೈನ್ ಮ್ಯೂಸಿಯಂ, ಪಿರೇಯಸ್

ಬೆಳಿಗ್ಗೆ ಬೈಜಾಂಟೈನ್ ಮ್ಯೂಸಿಯಮ್ಮಿಗೆ ಹೋಗಿದ್ದು ಒಂದೇ ಒಂದು ಕಲ್ಲಿಗೋಸ್ಕರ. ಈಜಿನಾ ದ್ವೀಪದಿಂದ ಬಂದಿದ್ದು, ಕ್ರಿ.ಶ. 4ನೇ ಶತಮಾನದ್ದು, ಮೇಜಿನ ಕಾಲಾಗಿ ಕೆತ್ತಿದ್ದು. ಗ್ರೀಕ್ ಕಥೆಗಳ ಗಾಯಕ ಆರ್ಫಿಯಸ್ ಕೂತು ಲೈರ್ ನುಡಿಸ್ತಿದ್ದಾನೆ, ಸುತ್ತ ಕಮಾನಿನ ಥರ ಪ್ರಾಣಿ ಪಕ್ಷಿ ಮುತ್ಕೊಂಡಿವೆ. ಆರ್ಫಿಯಸ್ ನುಡಿಸಿದ್ರೆ ಕಾಡುಮೃಗ ಬಂದು ಕೂರ್ತಿದ್ವು, ಮರ ಕಲ್ಲು ಹಿಂದೆ ಬರ್ತಿದ್ವು. ಹೆಂಡತಿ ಸತ್ತಾಗ ಪಾತಾಳಕ್ಕಿಳಿದು ಅಲ್ಲೂ ನುಡಿಸಿ ಅವಳನ್ನ ಬಿಡಿಸ್ಕೊಂಡು ಬರ್ತಾ, ಕೊನೇ ಹೆಜ್ಜೇಲಿ ತಿರುಗಿ ನೋಡಿ ಕಳ್ಕೊಂಡ. ಕ್ರಿಶ್ಚಿಯನ್ನರ ಕಾಲ ಬಂದ್ಮೇಲೂ ಇವನನ್ನ ಬಿಡೋಕೆ ಜನಕ್ಕೆ ಮನಸ್ಸಾಗ್ಲಿಲ್ಲ, ಮೃಗಗಳನ್ನ ಪಳಗಿಸೋ ಇವನಲ್ಲಿ ಆತ್ಮಗಳನ್ನ ಕಾಯೋ ಒಳ್ಳೆ ಕುರುಬ ಕ್ರಿಸ್ತನನ್ನೇ ಕಂಡ್ರು. ದೇವರು ಬದಲಾದ್ರೂ ವಾದ್ಯ ಕೈಬಿಡ್ಲಿಲ್ಲ.

ಮಧ್ಯಾಹ್ನ ಮೆಟ್ರೋದಲ್ಲಿ ಅಥೆನ್ಸಿನ ಬಂದರು ಪಿರೇಯಸ್. ಅಲ್ಲಿನ ಮ್ಯೂಸಿಯಮ್ಮಿಗೆ ಬಂದರಿಗೆ ಹೋಗೋ ಪ್ರವಾಸಿಗಳು ಹೆಚ್ಚು ಬರಲ್ಲ, ಹಾಲಲ್ಲಿ ನಾವಿಬ್ಬರೇ. 1981ರಲ್ಲಿ ಅಥೆನ್ಸಿನ ದಾಫ್ನಿ ಅನ್ನೋ ಬಡಾವಣೇಲಿ ಅಗೆಯೋವಾಗ ಒಂದು ಗೋರಿ ಸಿಕ್ತು, ಕ್ರಿ.ಪೂ. 430ರ ಹತ್ತಿರದ್ದು, ಕವಿಯ ಸಮಾಧಿ ಅಂತ ಕರೀತಾರೆ. ಸತ್ತವರ ಜೊತೆ ಇಟ್ಟಿದ್ದು ಒಂದು ಲೈರು, ಒಂದು ಹಾರ್ಪು, ಒಂದು ಕೊಳಲು, ಮೇಣದ ಬರೆಯೋ ಹಲಗೆ, ಮಸಿ ಕುಡಿಕೆ, ಮತ್ತೆ ಒಂದು ಪಪೈರಸ್, ಅಂದ್ರೆ ಜೊಂಡಿನ ಕಾಗದದ ಸುರುಳಿ. ಅದು ಗ್ರೀಸಲ್ಲಿ ಸಿಕ್ಕ ಪಪೈರಸ್ಸಲ್ಲೆಲ್ಲ ಹಳೇದು, ಈಗ ಚೂರು ಚೂರು, ಅಲ್ಲೊಂದು ಅಕ್ಷರ ಇಲ್ಲೊಂದು ಅಕ್ಷರ.

ನಾನು ಗಾಜಿಗೆ ಹಣೆ ತಾಗೋ ಹಾಗೆ ಬಗ್ಗಿ ನೋಡಿದ್ದು ಆ ಚಿಪ್ಪನ್ನ. ಕಂದು ಬಣ್ಣ, ಒಡೆದಿದೆ, ಅಂಚು ತರಕಲು. ಚಿತ್ರದಲ್ಲೆಲ್ಲ ದೇವರ ಕೈಲಿ ಫಳಫಳ ಹೊಳೀತಿರೋದು ಇಲ್ಲಿ ನಿಜವಾಗ್ಲೂ ಒಂದು ಆಮೆಯ ಬೆನ್ನು, ಪಟ್ಟಿ ಪಟ್ಟಿ ಗುರುತು ಇನ್ನೂ ಇದೆ. ಇದು ಹುಲ್ಲು ಮೇಯ್ದಿತ್ತು, ಬಿಸಿಲಲ್ಲಿ ಮಲಗಿತ್ತು. ಆಮೇಲೆ ಯಾರದೋ ತೊಡೆ ಮೇಲೆ ಕೂತು ಹಾಡ್ತು, ಆಮೇಲೆ ಅವರ ಜೊತೆ ಮಣ್ಣಿಗೆ ಹೋಯ್ತು. ಕರುಳಿನ ತಂತಿ ಕರಗಿ ಹೋಗಿದೆ. ಕಾವಲಿಗಿದ್ದ ಹೆಂಗಸು ಹತ್ರ ಬಂದು, ನೀವೂ ಮ್ಯೂಸಿಕ್ಕಾ ಅಂತ ಕೇಳಿದ್ರು, ವೀಣೆ ಅಂದೆ, ಮೊಬೈಲಲ್ಲಿ ಅಜ್ಜಿ ವೀಣೆ ಫೋಟೋ ತೋರಿಸಿದೆ. ಅವರು ಬೆರಳಲ್ಲಿ ಎಣಿಸಿ "ಏಳು!" ಅಂದ್ರು. ಹೌದಲ್ಲ, ನುಡಿಸೋಕೆ ನಾಲ್ಕು, ತಾಳಕ್ಕೆ ಮೂರು, ಒಟ್ಟು ಏಳು, ನನಗೇ ಅದು ಹೊಳೆದಿರ್ಲಿಲ್ಲ.

ರಾತ್ರಿ ಕ್ರೀಟ್ ದ್ವೀಪಕ್ಕೆ ಫೆರ್ರಿ. ಕ್ಯಾಬಿನ್ ತಗೊಳ್ದೆ ದುಡ್ಡುಳಿಸೋಣ ಅಂತ ಸೀಟ್ ತಗೊಂಡಿದ್ವಿ, ಎಸಿ ಚಳಿಗೆ ನಡುಗಿಹೋದ್ವಿ, ಬ್ಯಾಗಲ್ಲಿದ್ದ ಎರಡು ಸೀರೇನೂ ಹೊದ್ಕೊಂಡು ಮಲಗಿದ್ವಿ. ಶಾಲು ಇಟ್ಕೊಳ್ಳಿ, ಬೇಸಿಗೇಲೂ.

ದಿನ 3, ಹೆರಾಕ್ಲಿಯೊ

ಬೆಳಿಗ್ಗೆ ಆರಕ್ಕೇ ಇಳಿಸಿದ್ರು. ಬಂದರಿಂದ ಊರೊಳಗೆ ಏರುದಾರಿ, ನಡೆದೇ ಹೋಗ್ಬಹುದು. ಬಿಸಿ ಬಿಸಿ ಬುಗಾತ್ಸಾ, ಪದರ ಪದರದ ಹಿಟ್ಟಲ್ಲಿ ಸಿಹಿ ರವೆ ಕೆನೆ ತುಂಬಿದ್ದು, ಮೇಲೆ ದಾಲ್ಚಿನ್ನಿ ಪುಡಿ, ಅದನ್ನ ತಿಂದ್ಮೇಲೆ ಜೀವ ಬಂತು.

ಇಲ್ಲಿನ ಮ್ಯೂಸಿಯಮ್ಮಲ್ಲಿ ಆಯಾ ಟ್ರಿಯಾಡಾದ ಕಲ್ಲಿನ ಶವಪೆಟ್ಟಿಗೆ ಇದೆ, 1903ರಲ್ಲಿ ಸಿಕ್ಕಿದ್ದು, ಸುಮಾರು ಕ್ರಿ.ಪೂ. 1370ರಿಂದ 1320ರ ನಡುವಿನದ್ದು. ಸುಣ್ಣದ ಗಾರೆ ಮೇಲೆ ನಾಲ್ಕೂ ಕಡೆ ಚಿತ್ರ. ಬಣ್ಣ ನೋಡಿದ್ರೆ ಮೊನ್ನೆ ಬರೆದಂಗಿದೆ. ಒಂದು ಕಡೆ ಹೆಂಗಸರು ಎರಡು ಬಾಯಿ ಕೊಡಲಿಗಳ ಮಧ್ಯ ಇಟ್ಟಿರೋ ಪಾತ್ರೆಗೆ ಏನೋ ಸುರೀತಿದ್ದಾರೆ, ಹಿಂದೆ ಉದ್ದ ನಿಲುವಂಗಿ ಹಾಕ್ಕೊಂಡೋನು ಲೈರ್ ನುಡಿಸ್ತಾ ಬರ್ತಿದ್ದಾನೆ, ತಂತಿ ಎಣಿಸಿದ್ರೆ ಏಳು, ಕೊಂಬು ಹಂಸದ ಕುತ್ತಿಗೆ ಥರ ಬಾಗಿದೆ. ಗ್ರೀಕರ ಆದಿಕವಿ ಹೋಮರನ ಹೆಸರು ಯಾರಿಗೂ ಗೊತ್ತಿಲ್ಲದ ಕಾಲದಲ್ಲೇ ಏಳು ತಂತಿ ಇದ್ವು. ಕೊಡಲಿಗಳ ತುದೀಲಿ ಎರಡು ಹಕ್ಕಿ ಕೂತಿವೆ. ಸತ್ತವನು ಬಲಗಡೆ ತುದೀಲಿ ನಿಂತು ಇದನ್ನೆಲ್ಲ ನೋಡ್ತಿದ್ದಾನೆ, ಅವನಿಗೆ ಕರು, ದೋಣಿ ತರ್ತಿದ್ದಾರೆ. ತಂಗಿ ಕೇಳಿದ್ಲು, ಅವನಿಗೆ ಕೇಳಿಸ್ತಿದೆಯಾ ಅಂತ. ನಾವಿಬ್ಬರೂ ಆಮೇಲೆ ಸುಮಾರು ಹೊತ್ತು ಮಾತಾಡ್ಲಿಲ್ಲ, ಅಜ್ಜಿ ಹೋದ ದಿನ ಮನೇಲಿ ಹಾಡು ಹಾಕಿದ್ದು ಇಬ್ಬರಿಗೂ ನೆನಪಾಗಿತ್ತು ಅನ್ಸುತ್ತೆ.

ದಿನ 4, ಅನೋಗಿಯಾ

ಹೆರಾಕ್ಲಿಯೊಂದ ಬಸ್ಸು ಬೆಟ್ಟ ಹತ್ತುತ್ತಾ ಹತ್ತುತ್ತಾ ಒಂದು ಗಂಟೆ ಮೇಲೆ ಆಯ್ತು. ಒಂದು ಕಡೆ ಆಲಿವ್ ತೋಪು, ಒಂದು ಕಡೆ ಬೋಳು ಗುಡ್ಡ, ರಸ್ತೆಗೆ ಅಡ್ಡ ಮೇಕೆ ಹಿಂಡು, ಡ್ರೈವರು ಹಾರ್ನ್ ಹೊಡೀದೆ ಅವು ದಾಟೋವರೆಗೂ ಸಿಗರೇಟು ಹಚ್ಚದೇ ಬೆರಳಲ್ಲಿ ತಿರುಗಿಸ್ತಾ ಕಾದ. ಅನೋಗಿಯಾ ಪ್ಸಿಲೋರಿಟಿ ಬೆಟ್ಟದ ಬುಡದ ಊರು. ಆಗಸ್ಟ್ 1944ರಲ್ಲಿ ಜರ್ಮನ್ ಸೈನ್ಯ ಊರಿಗೆ ಊರನ್ನೇ ನೆಲಸಮ ಮಾಡಿತ್ತು, ಈಗಿರೋದು ಆಮೇಲೆ ಕಟ್ಟಿದ್ದು. ಗಾಯಕ ನಿಕೋಸ್ ಕ್ಸಿಲೂರಿಸ್ ಹುಟ್ಟಿದ ಊರು, ಮನೆಗೊಬ್ಬ ಲೀರಾ ನುಡಿಸೋನು ಅಂತಾರೆ.

ಇಲ್ಲಿ ಒಂದು ವಿಷಯ ಹೇಳ್ಬೇಕು. ಕ್ರೀಟಿನವರು ಲೀರಾ ಅನ್ನೋದು ನಮ್ಮ ಆಮೆಚಿಪ್ಪಿನ ಲೈರಲ್ಲವೇ ಅಲ್ಲ, ಪೇರ್ ಹಣ್ಣಿನ ಆಕಾರದ ಪುಟ್ಟ ಪಿಟೀಲು, ಮೂರು ತಂತಿ, ಮಂಡಿ ಮೇಲೆ ನೆಟ್ಟಗೆ ಇಟ್ಕೊಂಡು ಕಮಾನಲ್ಲಿ ಉಜ್ಜೋದು. ಬೈಜಾಂಟೈನ್ ಕಾಲದಲ್ಲಿ ಕಮಾನಿನ ವಾದ್ಯಕ್ಕೆ ಹಳೇ ದೇವರ ವಾದ್ಯದ ಹೆಸರು ಅಂಟ್ಕೊಂಡು ಅದೇ ಉಳೀತು. ನಮ್ಮಲ್ಲೂ ಬಿಲ್ಲಿನ ಹಾರ್ಪಿಗಿದ್ದ ವೀಣೆ ಅನ್ನೋ ಹೆಸರು ಈಗಿನ ಮೆಟ್ಟಿಲಿನ ವೀಣೆಗೆ ಬಂತಲ್ಲ ಹಾಗೆ.

ಮೇಲಿನ ಬೀದೀಲಿ ಒಬ್ಬ ಲೀರಾ ಮಾಡೋ ಅಜ್ಜನ ವರ್ಕ್‌ಶಾಪ್ ಬಾಗಿಲು ತೆಗೆದಿತ್ತು, ಒಳಗೆ ಮರದ ಪುಡಿ ವಾಸನೆ. ಇಂಗ್ಲಿಷ್ ನಾಲ್ಕೇ ಮಾತು ಅವರಿಗೆ, ಮೊಮ್ಮಗಳು ಮಧ್ಯ ನಿಂತು ಹೇಳ್ತಾ ಹೋದ್ಲು. ಬುರುಡೆಗೆ ಹಿಪ್ಪುನೇರಳೆ ಮರನೋ ವಾಲ್‌ನಟ್ಟೋ, ಮೇಲಿನ ಹಲಗೆಗೆ ಹಳೇ ಮನೆ ತೊಲೆಯ ಮರ ಹುಡುಕ್ತಾರಂತೆ, ನೂರಿನ್ನೂರು ವರ್ಷ ಒಣಗಿದ್ದಷ್ಟೂ ದನಿ ಬಿಡುತ್ತೆ ಅಂತ. ಹಿಪ್ಪುನೇರಳೆ ನಮ್ಮೂರ ಕಡೆ ರೇಷ್ಮೆ ಹುಳಕ್ಕೆ ಅಂದೆ, ಇಲ್ಲೂ ಹಿಂದೆ ಹಾಗೇ ಇತ್ತು ಅಂದ್ರು. ಒಂದು ಲೀರಾ ನನ್ನ ಮಂಡಿ ಮೇಲಿಟ್ರು. ನಾನು ವೀಣೆ ಅಭ್ಯಾಸಕ್ಕೆ ತಂತೀನ ಮೇಲಿಂದ ಒತ್ತೋಕೆ ಹೋದೆ, ಅಜ್ಜ ನನ್ನ ಬೆರಳು ಹಿಡಿದು ಪಕ್ಕಕ್ಕೆ ತಿರುಗಿಸಿದ್ರು, ಇಲ್ಲಿ ಒತ್ತೋದಲ್ಲ, ಉಗುರಿನ ಬೆನ್ನನ್ನ ತಂತಿ ಪಕ್ಕಕ್ಕೆ ತಾಗಿಸೋದು, ಅಷ್ಟೇ. ಒಂದು ಸಲ ಸರಿಯಾಗಿ ತಾಗಿದಾಗ ಬಂದ ದನಿ, ಸಣ್ಣದು, ಸ್ವಲ್ಪ ಮೂಗಿನದು, ಯಾರೋ ಬೆಟ್ಟದ ಆ ಕಡೆಯಿಂದ ಕರೆದ ಹಾಗೆ.

ಆಮೇಲೆ ನನ್ನ ಎಡಗೈ ತೋರುಬೆರಳ ತುದಿ ಸವರಿ ನೋಡಿ ಏನೋ ಅಂದ್ರು. ಗೀರು ಇಲ್ಲ, ನುಡಿಸೋದು ಬಿಟ್ಟಿದ್ದೀಯಾ ಅಂತ ಕೇಳ್ತಿದ್ದಾರೆ ಅಂದ್ಲು ಮೊಮ್ಮಗಳು. ದಿನಾ ನುಡಿಸೋರ ಬೆರಳಲ್ಲಿ ತಂತಿ ಕೊರೆದು ಕಪ್ಪು ಗೀರು ಬಿದ್ದಿರುತ್ತೆ, ಅಜ್ಜಿ ಬೆರಳಲ್ಲಿ ಕೊನೇವರೆಗೂ ಇತ್ತು. ಅಜ್ಜಿ ಹೋಗಿ ಆರು ವರ್ಷ ಆಯ್ತು, ಆವತ್ತಿಂದ ವೀಣೆ ಗವಸು ಹಾಕಿ ಗೋಡೆಗೆ ಒರಗಿಸಿದ್ದು ಹಾಗೇ ಇದೆ. ಹೌದು, ಬಿಟ್ಟಿದ್ದೀನಿ ಅಂದೆ. ಅವರು ಬೈಲೂ ಇಲ್ಲ, ಬುದ್ಧಿ ಹೇಳ್ಲೂ ಇಲ್ಲ, ಒಳಗೆ ಹೋಗಿ ಎರಡು ಪುಟ್ಟ ಗ್ಲಾಸಲ್ಲಿ ರಾಕಿ ಅನ್ನೋ ಸಾರಾಯಿ ತಂದ್ರು, ನಾವು ಕುಡಿಯಲ್ಲ ಅಂದಾಗ ವಾಪಸ್ ಹೋಗಿ ಜೇನು ಹಾಕಿದ ಬೆಟ್ಟದ ಸೊಪ್ಪಿನ ಕಷಾಯ ಮಾಡ್ಕೊಂಡು ಬಂದ್ರು. ಕುಡೀತಾ ಎರಡು ಸಾಲು ಹಾಡಿದ್ರು, ಮಂತಿನಾಡಾ ಅಂತ, ಸಾಲಿಗೆ ಹದಿನೈದು ಸಿಲೆಬಲ್, ಎರಡು ಸಾಲಿಗೂ ಪ್ರಾಸ. ಅರ್ಥ ಕೇಳಿದ್ರೆ ಮೊಮ್ಮಗಳು ತಲೆ ಅಲ್ಲಾಡಿಸಿ, ಬರಲ್ಲ, ಇಂಗ್ಲಿಷಿಗೆ ಬರಲ್ಲ ಅಂದ್ಲು.

ಮಧ್ಯಾಹ್ನ ಚೌಕದ ಮರದ ಕೆಳಗೆ ದಾಕೋಸ್ ತಿಂದ್ವಿ. ಬಾರ್ಲಿಯ ಗಟ್ಟಿ ರಸ್ಕು, ಮೇಲೆ ತುರಿದ ಟೊಮೇಟೊ, ಮಿಜಿಥ್ರಾ ಅನ್ನೋ ಬಿಳೀ ಚೀಸು, ಓರೆಗಾನೊ, ಧಾರಾಳವಾಗಿ ಆಲಿವ್ ಎಣ್ಣೆ. ಸ್ವಲ್ಪ ಹೊತ್ತು ಬಿಟ್ಟು ತಿನ್ನಿ, ರಸ ಇಳಿದು ರಸ್ಕು ಮೆತ್ತಗಾಗ್ಬೇಕು, ಅವಸರಪಟ್ರೆ ಹಲ್ಲಿಗೆ ಕಷ್ಟ.

ದಿನ 5, ಹಾನ್ಯಾ

ಹಾನ್ಯಾಗೆ ಹೋಗಿದ್ದೂ ಒಂದು ಡಬ್ಬಿ ನೋಡೋಕೆ. ಹಲೆಪಾ ಅನ್ನೋ ಏರಿಯಾದಲ್ಲಿ 2022ರಲ್ಲಿ ತೆಗೆದ ಹೊಸ ಮ್ಯೂಸಿಯಮ್ಮು, ಹಳೇ ಬಂದರಿಂದ ಅರ್ಧ ಗಂಟೆ ನಡಿಗೆ. ಕಲಾಮಿ ಅನ್ನೋ ಕಡೆ ಗೋರೀಲಿ ಸಿಕ್ಕ ಮಣ್ಣಿನ ದುಂಡು ಡಬ್ಬಿ, ಕ್ರಿ.ಪೂ. 1300ರ ಆಸುಪಾಸಿನದ್ದು. ಒಬ್ಬ ನಿಂತಿದ್ದಾನೆ, ಕೈಲಿರೋ ಲೈರ್ ಅವನಷ್ಟೇ ದೊಡ್ಡದು, ಸುತ್ತ ಹಕ್ಕಿ ಹಾರ್ತಿವೆ. ಮತ್ತೆ ಹಕ್ಕಿ! ಪೈಲೋಸಿನ ಅರಮನೆ ಗೋಡೆಚಿತ್ರದಲ್ಲೂ ಬಂಡೆ ಮೇಲೆ ಕೂತು ಲೈರ್ ನುಡಿಸೋನ ಮುಂದೆ ಒಂದು ಬಿಳೀ ಹಕ್ಕಿ ಹಾರಿ ಹೋಗ್ತಿರುತ್ತೆ, ಫೋಟೋದಲ್ಲಿ ನೋಡಿದ್ದೆ. ಬಾಯಿಂದ ಹೊರಟ ಹಾಡನ್ನೇ ಹಕ್ಕಿಯಾಗಿ ಬರೆದ್ರೋ, ಹಕ್ಕಿ ಬಂದ್ರೆ ದೇವರು ಬಂದ ಹಾಗೆ ಅಂದ್ಕೊಂಡ್ರೋ. ನನಗೆ ಮೊದಲನೇದೇ ಇಷ್ಟ. ರಾತ್ರಿ ಸೂದಾ ಬಂದರಿಂದ ಫೆರ್ರಿ ಹತ್ತಿ ಪಿರೇಯಸ್ಸಿಗೆ, ಈ ಸಲ ಕ್ಯಾಬಿನ್ ತಗೊಂಡ್ವಿ.

ದಿನ 6, ಡೆಲ್ಫಿ

ಅಥೆನ್ಸಲ್ಲಿ ಎರಡು ದೊಡ್ಡ ಬಸ್ ಸ್ಟ್ಯಾಂಡಿದೆ. ನಾವು ನಿದ್ದೆಗಣ್ಣಲ್ಲಿ ಕಿಫಿಸೋಸ್ ಸ್ಟ್ಯಾಂಡಿಗೆ ಹೋದ್ವಿ, ಡೆಲ್ಫಿ ಬಸ್ಸು ಹೊರಡೋದು ಲಿಯೋಸಿಯೋನಿಂದ. ಟ್ಯಾಕ್ಸಿ ಹಿಡಿದು ಓಡಿ ಬರೋಷ್ಟರಲ್ಲಿ ಬೆಳಗಿನ ಬಸ್ ಹೋಗಿತ್ತು, ಮೂರು ಗಂಟೆ ಅಲ್ಲೇ ಕೂತ್ವಿ. ತಂಗಿಗೆ ಕೋಪ ಬಂದು ಲಿವಾಡಿಯಾ ದಾಟೋವರೆಗೂ ಕಿಟಕಿ ಕಡೆ ಮುಖ ಮಾಡ್ಕೊಂಡಿದ್ಲು. ಅರಾಹೋವಾ ಹತ್ತಿರ ರಸ್ತೆ ಬೆಟ್ಟದ ಅಂಚಿಗೆ ಬಂದು, ಕೆಳಗೆ ಕಣಿವೆ ತುಂಬ ಆಲಿವ್ ಮರ, ಆಲಿವ್ ಮರ, ದೂರದಲ್ಲಿ ಇತೇಯಾ ಹತ್ರ ಸಮುದ್ರದ ಒಂದು ಗೆರೆ, ಅದನ್ನ ನೋಡಿ ನನ್ನ ತೋಳು ಹಿಡ್ಕೊಂಡ್ಲು, ಅಲ್ಲಿಗೆ ಕೋಪ ಮುಗೀತು.

ಲೇಟಾಗಿದ್ದರಿಂದ ಮೊದಲು ಅಪೋಲೋ ದೇವಸ್ಥಾನದ ಕಡೆ ಹತ್ತಿದ್ವಿ. ದಾರೀಲಿ ಅಥೆನ್ಸಿನವರ ಖಜಾನೆ ಕಟ್ಟಡ ಸಿಗುತ್ತೆ. ಅದರ ದಕ್ಷಿಣ ಗೋಡೇಲಿ ಅಪೋಲೋ ಮೇಲಿನ ಎರಡು ಸ್ತೋತ್ರ ಕೆತ್ತಿದ್ರು, 1893ರಲ್ಲಿ ಫ್ರೆಂಚರು ಅಗೆದಾಗ ಕಲ್ಲುಗಳು ಸಿಕ್ವು, ಈಗ ಮ್ಯೂಸಿಯಮ್ಮಲ್ಲಿವೆ. ಕ್ರಿ.ಪೂ. 128ರದ್ದು ಅಂತ ಲೆಕ್ಕ. ವಿಶೇಷ ಏನಂದ್ರೆ ಸಾಹಿತ್ಯದ ಮೇಲೆ ಸಣ್ಣ ಅಕ್ಷರದಲ್ಲಿ ಸ್ವರ ಕೆತ್ತಿದ್ದಾರೆ. ನಮ್ಮ ಕೀರ್ತನೆ ಪುಸ್ತಕದಲ್ಲಿ ಮೇಲೆ ಸರಿಗಮ ಕೆಳಗೆ ಸಾಹಿತ್ಯ ಹಾಕ್ತಾರಲ್ಲ, ಥೇಟ್ ಹಾಗೆ. ಒಂದಕ್ಕೆ ಹಾಡೋರ ಸ್ವರಲಿಪಿ, ಇನ್ನೊಂದಕ್ಕೆ ವಾದ್ಯದವರ ಸ್ವರಲಿಪಿ, ಆ ಎರಡನೇದನ್ನ ಮಾಡಿದ ಲಿಮೆನಿಯೋಸ್ ಕಿಥಾರಾ ನುಡಿಸೋನೇ. ಖಜಾನೆ ಮುಂದಿನ ಕಲ್ಲಲ್ಲಿ ಕೂತು ಮೊಬೈಲಲ್ಲಿ ಆ ಸ್ತೋತ್ರ ಕೇಳಿದ್ವಿ, ಇಯರ್‌ಫೋನಿನ ಒಂದೊಂದು ಕಿವಿ ಒಬ್ಬೊಬ್ಬರಿಗೆ. ಎರಡನೇ ಸಾಲಿಗೆ ನನ್ನ ಕೈ ತಾನಾಗೇ ತೊಡೆ ತಟ್ಟೋಕೆ ಶುರು ಮಾಡ್ತು, ತಕ ತಕಿಟ, ತಕ ತಕಿಟ. ಐದರ ನಡೆ! ಖಂಡ ಛಾಪು! ಗ್ರೀಕರು ಈ ಐದು ಮಾತ್ರೆಯ ನಡೆಗೆ ಕ್ರೀಟಿಕ್ ಅಂತಿದ್ರು, ಕ್ರೀಟಿನದು ಅಂತ, ನಾವು ನಿನ್ನೆ ರಾತ್ರಿ ಬಿಟ್ಟು ಬಂದ ಅದೇ ಕ್ರೀಟು. ಎರಡು ಸಾವಿರದ ನೂರು ವರ್ಷದ ಹಿಂದಿನ ಹಾಡಿಗೆ ತಾಳ ಹಾಕ್ತಿದ್ದೀನಿ ಅಂತ ಗೊತ್ತಾದಾಗ ಗಂಟಲು ಕಟ್ತು, ಸುಳ್ಳು ಹೇಳಲ್ಲ.

ಅಷ್ಟೊತ್ತಿಗೆ ಪಾರ್ನಾಸಸ್ ಬೆಟ್ಟದ ಮೇಲಿಂದ ಮೋಡ ಇಳೀತು. ಮಳೆ ಅಂದ್ರೆ ಎಂಥಾ ಮಳೆ, ಕೊಡೆ ರೂಮಲ್ಲಿತ್ತು. ರಂಗಮಂದಿರದ ಹತ್ರದ ಒಂದು ಮರದ ಕೆಳಗೆ ಅರ್ಧ ಗಂಟೆ ನಿಂತು ಪೂರ್ತಿ ನೆಂದ್ವಿ, ಕಲ್ಲಿನ ಮೆಟ್ಟಿಲು ಜಾರುತ್ತೆ, ತಂಗಿ ಒಂದು ಸಲ ಬಿದ್ದು ಮಂಡಿ ತರಚಿಕೊಂಡ್ಲು. ಹಿಡಿತ ಇರೋ ಶೂ ಇಲ್ದೆ ಇಲ್ಲಿ ಹತ್ಬೇಡಿ.

ಮಳೆ ನಿಂತ್ಮೇಲೆ ಕಸ್ತಾಲಿಯಾ ಚಿಲುಮೆ ದಾಟಿ ಅಥೀನಾ ಗುಡಿ ಕಡೆ ರಸ್ತೆ ಬದಿ ಇಳೀತಿದ್ವಿ. ಒದ್ದೆ ಹುಲ್ಲಲ್ಲಿ ಏನೋ ಅಲುಗಾಡ್ತು. ಆಮೆ. ಎರಡು ಅಂಗೈ ಸೇರಿಸಿದಷ್ಟು ದೊಡ್ಡದು, ಹಳದಿ ಕಪ್ಪು ಚಿಪ್ಪಿನ ಮೇಲೆ ಮಳೆ ಹನಿ, ಬಾಯಲ್ಲಿ ಒಂದು ಎಲೆ ಅರ್ಧ ಒಳಗೆ ಅರ್ಧ ಹೊರಗೆ. ನಾನು ಅಲ್ಲೇ ಕೆಸರಲ್ಲೇ ಕೂತುಬಿಟ್ಟೆ. ಅದು ಕತ್ತು ಒಳಗೆಳ್ಕೊಳ್ಳದೆ ನನ್ನನ್ನೇ ನೋಡ್ತಾ ಎಲೆ ಅಗೀತು, ಅಗಿಯೋ ಸಣ್ಣ ಕಚಕಚ ಸದ್ದು ಕೇಳಿಸ್ತಿತ್ತು. ಮುಟ್ಟೋಕೆ ಮನಸ್ಸು ಬರ್ಲಿಲ್ಲ. ಅರ್ಕೇಡಿಯಾದ ಪಾರ್ಥೇನಿಯನ್ ಬೆಟ್ಟದಲ್ಲಿ ಲೈರ್ ಮಾಡೋಕೆ ಹೇಳಿ ಮಾಡಿಸಿದಂಥ ಆಮೆಗಳಿದ್ವಂತೆ, ಆದ್ರೆ ಅಲ್ಲಿನ ಜನ ಅವು ಪ್ಯಾನ್ ದೇವರದ್ದು ಅಂತ ತಾವೂ ಹಿಡೀತಿರ್ಲಿಲ್ಲ, ಬೇರೆಯವರಿಗೂ ಹಿಡಿಯೋಕೆ ಬಿಡ್ತಿರ್ಲಿಲ್ಲ ಅಂತ ಹಳೇ ಕಾಲದ ಗ್ರೀಕ್ ಪ್ರವಾಸಿ ಪೌಸಾನಿಯಾಸ್ ಬರೆದಿದ್ದಾನೆ. ಆ ಜನ ಸರಿ ಅನ್ನಿಸ್ತು ಆ ಕ್ಷಣಕ್ಕೆ. ಏಳು ತಂತಿಯ ಸಂಗೀತ ಎಲ್ಲಾ ಬೇಕು ನನಗೆ, ಆದ್ರೆ ಎಲೆ ಅಗಿಯೋ ಆ ಸದ್ದೂ ಬೇಕು. ದಾರೀಲಿ ನಾಯಿ ಕರ್ಕೊಂಡು ಬರ್ತಿದ್ದ ಅಜ್ಜಿಯೊಬ್ಬರು ನಿಂತು, "ಹೆಲೋನಾ", ಅಂದ್ರೆ ಆಮೆ, ಅಂದು, ಮಳೆ ಬಂದ್ರೆ ಹೊರಗೆ ಬರ್ತಾವೆ ಅನ್ನೋ ಹಾಗೆ ಕೈಸನ್ನೆ ಮಾಡಿ, ನಾಯೀನ ಬಿಗಿಯಾಗಿ ಹಿಡ್ಕೊಂಡು ಆ ಬದಿಯಿಂದ ದಾಟಿ ಹೋದ್ರು.

ರಾತ್ರಿ ಬೀನ್ಸ್ ಸಾರು ಥರದ ಗಿಗಾಂತೆಸ್, ಬೆಣ್ಣೇಲಿ ಹುರಿದ ಅರಾಹೋವಾದ ಫಾರ್ಮೇಲಾ ಚೀಸು. ಎಂಟು ಗಂಟೆಗೆ ಹೊರಗೆ ಬಂದ್ರೆ ಮೋಡ ಪೂರ್ತಿ ಹರಿದಿತ್ತು. ಆರ್ಫಿಯಸ್ಸನ್ನ ಹೆಂಗಸರು ಸಿಗಿದು ಹಾಕಿದ ಮೇಲೆ ಅವನ ತಲೆ, ಲೈರು ಎರಡೂ ನದೀಲಿ ತೇಲ್ತಾ ಹಾಡ್ತಾ ಲೆಸ್ಬೋಸ್ ದ್ವೀಪ ಸೇರಿದ್ವು, ಲೈರನ್ನ ಆಕಾಶದಲ್ಲಿಟ್ರು ಅಂತ ಕಥೆ. ಲೈರಾ ಅನ್ನೋ ಆ ನಕ್ಷತ್ರಪುಂಜದಲ್ಲಿ ಎಲ್ಲಕ್ಕಿಂತ ಹೊಳೆಯೋ ನಕ್ಷತ್ರ ವೇಗಾ, ನಮ್ಮ ಅಭಿಜಿತ್. ಮೈಸೂರಲ್ಲಿ ಅದನ್ನ ನೋಡ್ಬೇಕಂದ್ರೆ ಉತ್ತರಕ್ಕೆ ತಿರುಗಿ ನಿಲ್ಬೇಕು, ಡೆಲ್ಫೀಲಿ ಅದು ನೆತ್ತಿ ಮೇಲೇ ಬರುತ್ತೆ. ಕತ್ತು ಪೂರ್ತಿ ಹಿಂದಕ್ಕೆ ಹಾಕಿ ನೋಡಿದೆ, ಕೇರೋಸಿನ ಗೊಂಬೆ ಥರ. ಅಲ್ಲಿಂದಲೇ ಅಮ್ಮನಿಗೆ ಮೆಸೇಜ್ ಹಾಕಿದೆ, ಬೆಳಿಗ್ಗೆ ಎದ್ದ್ಮೇಲೆ ಅಜ್ಜಿ ವೀಣೆ ಗವಸು ತೆಗೆದು ತಂತಿ ಎಷ್ಟು ಉಳಿದಿದೆ ನೋಡಿ ಹೇಳು ಅಂತ.

ದಿನ 7, ಡೆಲ್ಫಿ, ಬೆಳಿಗ್ಗೆ

ಮ್ಯೂಸಿಯಂ ಬಾಗಿಲು ತೆಗೆಯೋಕೆ ಕಾಯ್ತಿದ್ವಿ. ನೇರ ಹೋಗಿದ್ದು ಆ ಬಟ್ಟಲಿನ ಹತ್ರ, ಕ್ರಿ.ಪೂ. 480-470ರ ಬಿಳೀ ಬಟ್ಟಲು, ಇಲ್ಲೇ ಡೆಲ್ಫೀಲಿ ಒಂದು ಗೋರೀಲಿ ಸಿಕ್ಕಿದ್ದು. ಬಟ್ಟಲಿನ ಒಳಗಡೆ ಅಪೋಲೋ ಒಬ್ಬನೇ, ಸಿಂಹಪಾದದ ಮಡಿಸೋ ಪೀಠದ ಮೇಲೆ ಕೂತಿದ್ದಾನೆ, ತಲೇಲಿ ಎಲೆಗಳ ಕಿರೀಟ, ಕೆಂಪು ಮೇಲ್ಬಟ್ಟೆ. ಬಲಗೈಲಿ ಪಾತ್ರೆಯಿಂದ ನೆಲಕ್ಕೆ ತರ್ಪಣ ಬಿಡ್ತಿದ್ದಾನೆ, ಎಡಗೈ ಬೆರಳು ಲೈರಿನ ತಂತಿ ಮೇಲೆ. ಇದು ವೃತ್ತಿಯವರ ಮರದ ಕಿಥಾರಾ ಅಲ್ಲ, ಆಮೆಚಿಪ್ಪಿಂದು, ಮಕ್ಕಳು ಕಲಿಯೋ ಅದೇ ಸಾದಾ ವಾದ್ಯ. ಎದುರಿಗೆ ಒಂದು ಕಪ್ಪು ಹಕ್ಕಿ ಕೂತು ಅವನನ್ನೇ ನೋಡ್ತಿದೆ. ಸಾಮಾನ್ಯವಾಗಿ ಬಲಗೈಲಿ ದಾರ ಕಟ್ಟಿದ ಮೀಟುಕಡ್ಡಿ ಇರುತ್ತೆ, ಅದರಲ್ಲಿ ಮೀಟೋದು, ಲೈರಿಗೆ ಮೆಟ್ಟಿಲಿಲ್ಲ, ಒಂದು ತಂತಿಗೆ ಒಂದೇ ಸ್ವರ, ಎಳೆದು ಗಮಕ ತರೋಕಾಗಲ್ಲ. ಇಲ್ಲಿ ಬಲಗೈ ಬೇರೆ ಕೆಲಸದಲ್ಲಿದೆ. ಎಡಗೈ ಬೆರಳು ಮಾತ್ರ ತಂತೀನ ಮುಟ್ಟಿದೆ, ಜೋರಾಗಿ ಅಲ್ಲ, ಶ್ರುತಿ ಸರಿ ಇದೆಯಾ ಅಂತ ನೋಡೋಕೆ ಅಜ್ಜಿ ಮುಟ್ತಿದ್ದ ಹಾಗೆ. ಏಳು ಗೆರೆ, ಕೂದಲಿನಷ್ಟು ಸಣ್ಣ, ಒಂದೂ ಹರಿದಿಲ್ಲ.

ಅಲ್ಲಿ ನಿಂತಿರೋವಾಗ್ಲೇ ಅಮ್ಮನ ಮೆಸೇಜ್ ಬಂತು. ಐದು ತಂತಿ ಇದೆ, ಎರಡು ಹೋಗಿದೆ, ಬಿರಡೆ ಒಂದು ಸಡಿಲ, ಮೆಟ್ಟಿಲಿನ ಮೇಣ ನಾಲ್ಕು ಕಡೆ ಬಿರುಕು ಬಿಟ್ಟಿದೆ, ಬುರುಡೆ ಚೆನ್ನಾಗಿದೆ, ಸರಸ್ವತಿಪುರಂ ಕಡೆ ಯಾರಾದ್ರೂ ರಿಪೇರಿ ಮಾಡೋರು ಇದ್ದಾರಾ ವಿಚಾರಿಸ್ತೀನಿ, ಬಸ್ ತಪ್ಪಿಸ್ಕೋಬೇಡಿ.